ಹೊಳೆಯ ಪಾಠ ಎಲ್ಲಿಂದ ಆರಂಭಿಸಬೇಕು: ಬೆಂಗಳೂರಿನ ಶಾಲೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಹತ್ತಿರದ ಹೊಳೆಯ ಪುನಶ್ಚೇತನವನ್ನು ಮಕ್ಕಳಿಗೆ ಪಠ್ಯದಾಚೆ, ಕೈಯಾರೆ ಕೆಲಸ ಮಾಡಿಸಿ ಕಲಿಸಬೇಕೆಂದು ಹೊರಡುವ ಬೆಂಗಳೂರಿನ ಶಾಲೆಯ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಹೊಳೆಯ ಗುಂಟ ಸಾಗಿ ಅದನ್ನು ನೋಡುವುದು ಒಂದು. ಒಂದೇ ಜಾಗದ ನೀರನ್ನು ತಿಂಗಳು ತಿಂಗಳೂ ಪರೀಕ್ಷಿಸುವುದು ಇನ್ನೊಂದು. ಕೆರೆಯ ದಡದಲ್ಲಿ ಶ್ರಮದಾನ ಮಾಡಿ ಗಿಡ ನೆಡುವುದು ಮತ್ತೊಂದು. ಶಾಲೆಯ ಆವರಣದೊಳಗೇ ಮಳೆನೀರು ಮತ್ತು ಬಳಸಿದ ನೀರಿನ ಲೆಕ್ಕ ಹಿಡಿಯುವುದು ನಾಲ್ಕನೆಯದು. ಹೆಚ್ಚಿನ ಶಾಲೆಗಳು ಮೂರನೆಯದನ್ನು ಆರಿಸಿಕೊಳ್ಳುತ್ತವೆ, ಏಕೆಂದರೆ ಜೂನ್ 5ರ ಪರಿಸರ ದಿನಾಚರಣೆಗೆ ಅದು ಸುಲಭವಾಗಿ ಹೊಂದುತ್ತದೆ. ನನ್ನ ಅಭಿಪ್ರಾಯ ಬೇರೆ: ಆಯ್ಕೆಯನ್ನು ದಿನಾಚರಣೆ ನಿರ್ಧರಿಸಬಾರದು, ಹೊಳೆಗೆ ತಗುಲಿರುವ ಕಾಯಿಲೆ ಏನೆಂಬುದು ನಿರ್ಧರಿಸಬೇಕು.

ಹೊಳೆಗೆ ಏನಾಗಿದೆ

ಬೆಂಗಳೂರು ದಿಬ್ಬದ ಮೇಲಿನ ಊರು. ಊರಿನ ನಡುವೆ ದೊಡ್ಡ ನದಿಯಿಲ್ಲ. ದಿಬ್ಬದ ಮೇಲೆ ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಹಂಚಿಕೊಂಡು ಇಳಿಯುತ್ತದೆ. ಪಶ್ಚಿಮದ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರಿದರೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗಿ ತಮಿಳುನಾಡಿಗೆ ಹರಿಯುತ್ತದೆ. ಹೆಬ್ಬಾಳ ಕಣಿವೆಯ ನೀರೂ ಕೊನೆಗೆ ಅದೇ ಪಿನಾಕಿನಿಯ ಪಾಲು. ಆದ್ದರಿಂದ ಯಾವ ಚಟುವಟಿಕೆ ಎಂದು ಕೇಳುವ ಮೊದಲು ನಮ್ಮ ಶಾಲೆಯ ಅಂಗಳದ ನೀರು ಯಾವ ಕಣಿವೆಗೆ ಇಳಿಯುತ್ತದೆ ಎಂದು ಕೇಳಬೇಕು. ಬಸವನಗುಡಿಯ ಅಥವಾ ವಿಜಯನಗರದ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಕೊಳಚೆಯಿಂದ ಬೆಳ್ಳಂದೂರು ಕೆರೆಯಲ್ಲಿ ಏಳುವ ನೊರೆ ತೋರಿಸಿಕೊಂಡು ಬಂದರೆ ಆ ನೊರೆ ಬೇರೆಯವರದ್ದಾಗಿಯೇ ಉಳಿಯುತ್ತದೆ. ತಮ್ಮ ನೀರು ಸೇರುವ ವೃಷಭಾವತಿಯನ್ನು ಅವರು ಕಾಣುವುದೇ ಇಲ್ಲ.

ವೃಷಭಾವತಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟುತ್ತಾಳೆಂಬ ನಂಬಿಕೆಯಿರುವ ಈ ಹೊಳೆ, ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ಸೇರಿ, ಮುಂದೆ ಕನಕಪುರದ ಕಡೆ ಅರ್ಕಾವತಿಯಲ್ಲಿ ಒಂದಾಗುತ್ತದೆ. ಬೇಸಿಗೆಯಲ್ಲಿ ಇದರಲ್ಲಿ ಹರಿಯುವುದು ಬಹುಪಾಲು ನಾವು ಬಳಸಿ ಬಿಟ್ಟ ನೀರೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯ ನೀರು ಮನೆಯ ನಲ್ಲಿಯಲ್ಲಿ ಬಂದು, ಬಚ್ಚಲಿನಲ್ಲಿ ಇಳಿದು, ವೃಷಭಾವತಿಯಾಗಿ ಹರಿದು, ಅರ್ಕಾವತಿಯ ಜೊತೆ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಮಗುವೊಂದು ಈ ಸುತ್ತನ್ನು ತನ್ನ ಕೈಯಿಂದ ನಕ್ಷೆಯ ಮೇಲೆ ಬರೆದರೆ ಅರ್ಧ ಪಾಠ ಮುಗಿದಂತೆ.

ಹೀಗಾಗಿ ಇಲ್ಲಿನ ಹೊಳೆಗಳ ಮುಖ್ಯ ಕಾಯಿಲೆ ಸಂಸ್ಕರಣೆಯಾಗದ ಕೊಳಚೆ ನೀರು, ಪೀಣ್ಯದಂತಹ ಕಡೆಗಳಿಂದ ಬರುವ ಕಾರ್ಖಾನೆಯ ತ್ಯಾಜ್ಯ. ಎರಡನೆಯದು, ಮಳೆ ಇಂಗಲು ನೆಲವಿಲ್ಲದಂತೆ ಹಾಸಿದ ಕಾಂಕ್ರೀಟು. ಕಣ್ಣಿಗೆ ಮೊದಲು ಬೀಳುವ ಪ್ಲಾಸ್ಟಿಕ್ ಕಸ ಮೂರನೆಯದು. ಒಂದು ಚಟುವಟಿಕೆ ಈ ಮೂರರಲ್ಲಿ ಯಾವುದನ್ನು ಮುಟ್ಟುತ್ತದೆ ಎಂಬುದೇ ನನ್ನ ಮೊದಲ ಅಳತೆಗೋಲು. ಅದನ್ನು ಮತ್ತೆ ಮತ್ತೆ ಮಾಡಲು ಸಾಧ್ಯವೇ ಎಂಬುದು ಎರಡನೆಯದು. ಖರ್ಚು ಮತ್ತು ಅಪಾಯಗಳ ಲೆಕ್ಕ ಅವುಗಳ ಜೊತೆಗೇ ಬರುತ್ತದೆ.

ಹೊಳೆಯ ಗುಂಟ ಸಾಗುವುದು

ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಪ್ರವಾಹದ ದಿಕ್ಕು, ಇಳಿಜಾರು, ಸೇರುವ ಕಾಲುವೆ, ವಾಸನೆ ಬದಲಾಗುವ ಜಾಗ ಇವೆಲ್ಲ ನಡೆದಾಗ ಮಾತ್ರ ತಿಳಿಯುತ್ತವೆ. ಆದರೆ ವೃಷಭಾವತಿಯ ದಡದಲ್ಲಿ ನಲವತ್ತು ಮಕ್ಕಳನ್ನು ಸಾಲಾಗಿ ನಡೆಸಲು ಎಲ್ಲ ಕಡೆ ಜಾಗವಿಲ್ಲ. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ತಡೆಗೋಡೆ. ಅದಕ್ಕೆ ಸುರಕ್ಷಿತವಾದ, ಅಗ್ಗದ ಪರ್ಯಾಯವೊಂದಿದೆ: ನಮ್ಮ ಮೆಟ್ರೋದ ನೇರಳೆ ಮಾರ್ಗ. ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಯವರೆಗೆ ಈ ಮಾರ್ಗ ಬಹುದೂರ ಹೊಳೆಯ ಕಣಿವೆಯಲ್ಲೇ ಸಾಗುತ್ತದೆ. ಮೇಲಿನಿಂದ ನೋಡುವ ಮಗುವಿಗೆ ಹೊಳೆಯ ತಿರುವು, ಅದರ ಮೇಲೇರಿ ನಿಂತ ಕಟ್ಟಡಗಳು, ಬಂದು ಸೇರುವ ರಾಜಕಾಲುವೆಗಳು (ಮಳೆನೀರಿನ ದೊಡ್ಡ ಕಾಲುವೆಗಳು) ನಕ್ಷೆಯಲ್ಲಿದ್ದಂತೆಯೇ ಕಾಣುತ್ತವೆ. ಹೋಗುವಾಗ ಒಂದು ಗುಂಪು ಎಡಕ್ಕೂ ಇನ್ನೊಂದು ಬಲಕ್ಕೂ ನೋಡಿ ಗುರುತು ಹಾಕಿಕೊಂಡು, ಬರುವಾಗ ಅದಲುಬದಲಾದರೆ, ತರಗತಿಗೆ ಮರಳಿದ ಮೇಲೆ ಎರಡೂ ನಕ್ಷೆಗಳನ್ನು ಜೋಡಿಸಬಹುದು.

ಅನುಕೂಲವಿರುವ ಪ್ರೌಢಶಾಲೆಗಳು ವರ್ಷಕ್ಕೊಮ್ಮೆ ಬೈರಮಂಗಲದವರೆಗೂ ಹೋಗಿಬರಬೇಕು. ನಗರದ ನೀರು ಅಲ್ಲಿ ರೈತರ ಹೊಲಗಳಿಗೆ ಹರಿಯುತ್ತದೆ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಹೆಚ್ಚಾಗಿ ಕಾಣುವುದು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ. ಈ ಬದಲಾವಣೆಯನ್ನು ಅಲ್ಲಿನ ಹಿರಿಯರೊಬ್ಬರ ಬಾಯಿಂದ ಕೇಳುವುದು ಯಾವ ಪಾಠಕ್ಕೂ ಕಡಿಮೆಯಲ್ಲ. ಮಕ್ಕಳು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲಿ: ಬಾವಿಯ ನೀರು ಯಾವಾಗ ಕುಡಿಯುವುದನ್ನು ಬಿಟ್ಟಿರಿ, ಮೀನು ಯಾವ ಯಾವುದಿತ್ತು, ಕಾಲುವೆಗೆ ಇಳಿದರೆ ಮೈ ತುರಿಸುತ್ತದೆಯೇ.

ಈ ದಾರಿಯ ಮಿತಿಯೆಂದರೆ, ಒಮ್ಮೆ ನೋಡಿದ್ದು ಮರುಕವನ್ನೋ ಅಸಹ್ಯವನ್ನೋ ಹುಟ್ಟಿಸಿ ಅಲ್ಲಿಗೇ ನಿಲ್ಲಬಹುದು. ಹೊಳೆ ನಾರುತ್ತದೆ ಎಂಬಷ್ಟನ್ನೇ ಕಲಿತ ಮಗು ಹೊಳೆಯಿಂದ ದೂರವೇ ಹೋಗುತ್ತದೆ. ಆದ್ದರಿಂದ ಹಾಳಾದದ್ದನ್ನು ತೋರಿಸುವ ಪ್ರವಾಸಕ್ಕೆ ಜೊತೆಯಾಗಿ ಸರಿಹೋದದ್ದನ್ನು ತೋರಿಸುವ ಪ್ರವಾಸವೂ ಇರಬೇಕು. ಅದಕ್ಕೆ ಜಕ್ಕೂರು ಕೆರೆ ಸೂಕ್ತ. ಅಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ಪ್ರದೇಶವನ್ನು ನಿಧಾನವಾಗಿ ಹಾದು, ತನ್ನಲ್ಲಿ ಉಳಿದಿದ್ದ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಅಲ್ಲಿಯೇ ಬಿಟ್ಟು ಕೆರೆಗೆ ಇಳಿಯುತ್ತದೆ. ಬಳಸಿದ ನೀರೂ ಕೆರೆಯನ್ನು ತುಂಬಿಸಬಲ್ಲದು, ಆದರೆ ಹಂತ ಹಂತವಾಗಿ ತೊಳೆದ ಮೇಲೆ ಮಾತ್ರ ಎಂಬುದನ್ನು ಮಗು ಅರ್ಧ ಗಂಟೆಯಲ್ಲಿ ಅಲ್ಲಿ ಗ್ರಹಿಸುತ್ತದೆ. ಸರ್ಜಾಪುರ ರಸ್ತೆಯ ಶಾಲೆಗಳಿಗೆ ಕೈಕೊಂಡ್ರಹಳ್ಳಿ ಕೆರೆ ಹತ್ತಿರ. ಜನರೂ ಪಾಲಿಕೆಯೂ ಸೇರಿ ಕೆರೆಯೊಂದನ್ನು ಹೇಗೆ ಕಾಪಾಡಬಹುದು ಎಂಬುದಕ್ಕೆ ಅದು ನಿದರ್ಶನ. ನಂದಿ ಬೆಟ್ಟದ ಪ್ರವಾಸವನ್ನು ಅರ್ಕಾವತಿಯ ಉಗಮ ನೋಡುವುದಕ್ಕೆಂದು ಮಾಡುವವರಿದ್ದಾರೆ. ಸಂತೋಷದ ಪ್ರವಾಸ ಅದು, ಆದರೆ ದಾರಿಯಲ್ಲಿ ಹೆಸರಘಟ್ಟವನ್ನೂ ಸೇರಿಸಿಕೊಂಡರೆ ಮಾತ್ರ ಪಾಠವಾಗುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಟ್ಟ ಜಲಾಶಯವದು. ಅದು ಸಾಲದೆ ಹೋದಾಗ ಅದೇ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯ 1933ರಲ್ಲಿ ಬಂತು. ನಗರ ತನ್ನ ಹತ್ತಿರದ ಹೊಳೆಯನ್ನು ಕಳೆದುಕೊಳ್ಳುತ್ತಾ ದೂರದ ಕಾವೇರಿಗೆ ಹೋದ ಕಥೆ ಆ ಏರಿಯ ಮೇಲೆ ನಿಂತು ಹೇಳಿದರೆ ಮನಸ್ಸಿಗೆ ನಾಟುತ್ತದೆ.

ಒಂದೇ ಜಾಗದ ನೀರನ್ನು ಪರೀಕ್ಷಿಸುವುದು

ಎಂಟರಿಂದ ಹತ್ತನೆಯ ತರಗತಿಯವರಿಗೆ ನಾನು ಮೊದಲು ಶಿಫಾರಸು ಮಾಡುವುದು ಇದನ್ನೇ. ಪ್ರಯೋಗಾಲಯದ ರಸಾಯನಶಾಸ್ತ್ರ ಇಲ್ಲಿ ಊರಿನ ಪ್ರಶ್ನೆಗೆ ಉತ್ತರ ಕೊಡಲು ನಿಲ್ಲುತ್ತದೆ. ಪಿಎಚ್ ಕಾಗದ, ಥರ್ಮಾಮೀಟರ್, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಪೆನ್ನಿನಂಥ ಟಿಡಿಎಸ್ ಮಾಪಕ, ತಳದಲ್ಲಿ ಕಪ್ಪು–ಬಿಳುಪು ಗುರುತಿರುವ ಪಾರದರ್ಶಕ ಕೊಳವೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ಕೊಳವೆಗೆ ನೀರು ಸುರಿಯುತ್ತಾ ತಳದ ಗುರುತು ಯಾವ ಎತ್ತರದಲ್ಲಿ ಮರೆಯಾಗುತ್ತದೆಂದು ನೋಡಿದರೆ ನೀರು ಎಷ್ಟು ಕದಡಿದೆಯೆಂದು ಅಳೆದಂತಾಯಿತು.

ಆದರೆ ಹೊಳೆಯ ಜೀವವನ್ನು ನಿಜವಾಗಿ ಹೇಳುವುದು ಕರಗಿದ ಆಮ್ಲಜನಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ, ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚಿರಬೇಕು, ಮೀನು ಮತ್ತು ವನ್ಯಜೀವಿಗಳಿಗಾದರೂ 4 ಮಿಲಿಗ್ರಾಂ ಬೇಕು. ಇದನ್ನು ವಿಂಕ್ಲರ್ ವಿಧಾನ ಎಂಬ ರಾಸಾಯನಿಕ ಪರೀಕ್ಷೆಯಿಂದ ಪ್ರೌಢಶಾಲೆಯ ಪ್ರಯೋಗಾಲಯದಲ್ಲೇ ಅಳೆಯಬಹುದು. ಗಾಢ ಸಲ್ಫ್ಯೂರಿಕ್ ಆಮ್ಲ ಹಾಕುವ ಹಂತವನ್ನು ಮಾತ್ರ ಶಿಕ್ಷಕರೇ ಮಾಡಬೇಕು. ಅದಕ್ಕೂ ಅನುಕೂಲವಿಲ್ಲದ ಶಾಲೆಗೆ ಮೆಥಿಲೀನ್ ಬ್ಲೂ ಇದೆ. ಗಾಜಿನ ಬಾಟಲಿಯ ತುಂಬ ಮಾದರಿ ನೀರು ತುಂಬಿ, ಕೆಲವು ಹನಿ ಬಣ್ಣ ಹಾಕಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ ಕತ್ತಲೆಯಲ್ಲಿಟ್ಟರೆ, ಕೊಳಚೆ ಹೆಚ್ಚಿದ್ದಷ್ಟೂ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬೇಗ ಮುಗಿಸುವುದರಿಂದ ನೀಲಿ ಬಣ್ಣ ಬೇಗ ಮಾಯವಾಗುತ್ತದೆ. ನಲ್ಲಿ ನೀರು, ಕೆರೆಯ ನೀರು, ರಾಜಕಾಲುವೆಯ ನೀರು ಮೂರನ್ನೂ ಪಕ್ಕಪಕ್ಕ ಇಟ್ಟು ಯಾವುದರ ಬಣ್ಣ ಎಷ್ಟು ಗಂಟೆಯಲ್ಲಿ ಹೋಯಿತೆಂದು ಬರೆಯುವ ಈ ಪ್ರಯೋಗವನ್ನು ಏಳನೆಯ ತರಗತಿಯವರೂ ಅರ್ಥಮಾಡಿಕೊಳ್ಳಬಲ್ಲರು.

ಇಲ್ಲಿ ಒಂದು ಶಿಸ್ತು ಅತ್ಯಗತ್ಯ: ಪ್ರತಿ ಸಲವೂ ಅದೇ ಜಾಗ, ಅದೇ ಹೊತ್ತು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿಯೇ ಆಮ್ಲಜನಕ ಬಿಡುವುದರಿಂದ ಅಳತೆ ತುಂಬ ಚೆನ್ನಾಗಿ ಬರುತ್ತದೆ; ಅದೇ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನಸುಕಿಗೆ ಆಮ್ಲಜನಕ ತಳ ಕಂಡಿರುತ್ತದೆ. ಶಾಲೆಯ ಕೊನೆಯ ಅವಧಿಯಲ್ಲಿ ಒಮ್ಮೆ ಹೋಗಿ ಅಳೆದು ಕೆರೆ ಆರೋಗ್ಯವಾಗಿದೆಯೆಂದು ಭಿತ್ತಿಪತ್ರ ಬರೆದರೆ ಮಕ್ಕಳಿಗೆ ಸುಳ್ಳನ್ನು ಕಲಿಸಿದಂತಾಗುತ್ತದೆ. ಬೇಸಿಗೆಯ ಮೊದಲ ದೊಡ್ಡ ಮಳೆಗೆ ಕೆರೆಯ ಮೀನುಗಳು ಸತ್ತು ತೇಲುವ ಸುದ್ದಿ ಬೆಂಗಳೂರಿನಲ್ಲಿ ಹೊಸದಲ್ಲ. ಚರಂಡಿಗಳಲ್ಲಿ ಕಟ್ಟಿ ನಿಂತಿದ್ದ ಕೊಳೆಯೆಲ್ಲ ಒಮ್ಮೆಲೆ ನುಗ್ಗಿ ಆಮ್ಲಜನಕವನ್ನು ಹೀರುವುದೇ ಅದರ ಸಾಮಾನ್ಯ ಕಾರಣ. ಒಂದು ವರ್ಷದ ದಾಖಲೆಯಿರುವ ಶಾಲೆಯ ಮಕ್ಕಳು ಆ ಸುದ್ದಿಯನ್ನು ಓದುವ ರೀತಿಯೇ ಬೇರೆ.

ನೀರಿನ ಹುಳುಗಳನ್ನು ನೋಡುವುದನ್ನೂ ಇದರ ಜೊತೆ ಸೇರಿಸಿಕೊಳ್ಳಬಹುದು. ಸ್ವಚ್ಛವಾದ ಹೊಳೆಯ ಕಲ್ಲಿನಡಿ ಸಿಗುವ ಮೇಫ್ಲೈ ಮರಿಗಳು ಆಮ್ಲಜನಕ ಕಡಿಮೆಯಾದರೆ ಉಳಿಯುವುದಿಲ್ಲ. ಸೊಳ್ಳೆಯಂತೆ ಕಾಣುವ, ಕಚ್ಚದ ಕೀಟವೊಂದರ ಕೆಂಪು ಮರಿಹುಳುಗಳು ಕೊಳೆತ ಕೆಸರಿನಲ್ಲೂ ಬದುಕುತ್ತವೆ. ಯಾವುದಿದೆ, ಯಾವುದಿಲ್ಲ ಎಂಬುದೇ ಉತ್ತರ. ಆದರೆ ಇದನ್ನು ನಗರದ ಹೊರಗಿನ ಶುದ್ಧ ತೊರೆಯಲ್ಲೋ ಚೆನ್ನಾಗಿರುವ ಕೆರೆಯ ಅಂಚಿನಲ್ಲೋ ಮಾಡಿಸಬೇಕು. ವೃಷಭಾವತಿಯ ನೀರನ್ನಾಗಲಿ ಯಾವುದೇ ರಾಜಕಾಲುವೆಯ ನೀರನ್ನಾಗಲಿ ಮಕ್ಕಳು ಕೈಯಿಂದ ಮುಟ್ಟಬಾರದು. ಸೇತುವೆಯ ಮೇಲಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ದೊಡ್ಡವರು ನೀರೆತ್ತಬೇಕು, ಕೈಗವಸು ಹಾಕಿಸಬೇಕು, ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಸಬೇಕು, ಕಾಲಿನಲ್ಲಿ ಗಾಯವಿರುವ ಮಗುವನ್ನು ಆ ದಿನ ತರಗತಿಯಲ್ಲೇ ದಾಖಲೆ ಬರೆಯಲು ಕೂರಿಸಬೇಕು. ಇಲಿಜ್ವರ, ಟೈಫಾಯ್ಡ್, ಕಾಮಾಲೆಗಳ ಭಯ ಕಾಲ್ಪನಿಕವಲ್ಲ. ಮಳೆ ಬರುವ ಲಕ್ಷಣವಿದ್ದರೆ ರಾಜಕಾಲುವೆಯ ಬಳಿಗೆ ಹೋಗಲೇಬಾರದು. ಮೇಲೆಲ್ಲೋ ಸುರಿದ ಮಳೆಗೆ ಕೆಳಗಿನ ಕಾಲುವೆ ನಿಮಿಷಗಳಲ್ಲಿ ತುಂಬಿಬಿಡುತ್ತದೆ.

ಶ್ರಮದಾನ ಮತ್ತು ಗಿಡ ನೆಡುವುದು

ಇದರಿಂದ ಮಕ್ಕಳಿಗೆ ಹುರುಪು ಬರುತ್ತದೆ, ತಂದೆ ತಾಯಂದಿರೂ ಜೊತೆಗೂಡುತ್ತಾರೆ. ಆದರೆ ಹೊಳೆಯ ಮುಖ್ಯ ಕಾಯಿಲೆಯನ್ನು ಇದು ಮುಟ್ಟುವುದಿಲ್ಲ. ದಡದ ಪ್ಲಾಸ್ಟಿಕ್ಕನ್ನು ಎತ್ತಿದರೂ ನೀರಿನೊಳಗಿನ ಕೊಳಚೆ ಹಾಗೆಯೇ ಹರಿಯುತ್ತಿರುತ್ತದೆ. ಆದರೂ ಮಾಡುವುದಾದರೆ, ಎತ್ತಿದ ಕಸವನ್ನು ಲಾರಿಗೆ ತುಂಬುವ ಮೊದಲು ಬಟ್ಟೆಯ ಮೇಲೆ ಸುರಿದು, ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮಾಕೋಲ್, ಪೂಜೆಯ ಸಾಮಗ್ರಿ ಎಂದು ವಿಂಗಡಿಸಿ ಎಣಿಸಿದರೆ ಶ್ರಮ ಕಲಿಕೆಯಾಗುತ್ತದೆ. ಗೌರಿ–ಗಣೇಶ ಹಬ್ಬದ ಮರುವಾರ ಇದೇ ಎಣಿಕೆ ಮಾಡಿದ ಮಕ್ಕಳಿಗೆ ಬಣ್ಣವಿಲ್ಲದ ಮಣ್ಣಿನ ಗಣೇಶ ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಗಿಡಗಳ ವಿಷಯದಲ್ಲಿ ಎಚ್ಚರ ಬೇಕು. ಕೆರೆಯ ಅಂಗಳದಲ್ಲಿ ನೆಟ್ಟ ಗಿಡ ನೀರು ತುಂಬಿದಾಗ ಸಾಯುತ್ತದೆ, ಉಳಿದರೆ ನೀರಿನ ಜಾಗವನ್ನೂ ಹಕ್ಕಿಗಳ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಏರಿಯ ಮಣ್ಣಿನಲ್ಲಿ ದೊಡ್ಡ ಮರ ಬೆಳೆಸಿದರೆ ಮುಂದೊಂದು ದಿನ ಸತ್ತ ಬೇರು ನೀರು ಜಿನುಗುವ ದಾರಿಯಾಗಬಹುದು. ಹೊಳೆಯ ದಡಕ್ಕೆ ಹೊಂದುವವು ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ, ಮಣ್ಣು ಹಿಡಿಯಲು ಲಾವಂಚ. ನೆಡುವ ಮುನ್ನ ಕೆರೆ ಯಾರ ಸುಪರ್ದಿಯಲ್ಲಿದೆ, ಪಾಲಿಕೆಯೋ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೋ (ಬಿಡಿಎ) ಅರಣ್ಯ ಇಲಾಖೆಯೋ ಎಂದು ತಿಳಿದು ಲಿಖಿತ ಅನುಮತಿ ಪಡೆಯಬೇಕು. ಎರಡು ಬೇಸಿಗೆ ನೀರು ಹಾಕಲು ಯಾರಿದ್ದಾರೆಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನೆಡದಿರುವುದೇ ಮೇಲು.

ಶಾಲೆಯ ಆವರಣದೊಳಗಿನ ಕೆಲಸ

ಕೇಳಲು ಇದು ಸಪ್ಪೆ, ಆದರೆ ಖರ್ಚಿನಲ್ಲಿ ಕಡಿಮೆ, ಅಪಾಯದಲ್ಲಿ ಅತಿ ಕಡಿಮೆ, ಹೊಳೆಯ ಕಾಯಿಲೆಯ ಬೇರಿಗೆ ಅತಿ ಹತ್ತಿರ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸು. 500 ಚದರ ಮೀಟರಿನ ತಾರಸಿಗೆ ವರ್ಷಕ್ಕೆ ಸುಮಾರು 4,85,000 ಲೀಟರ್. ಈ ಗುಣಾಕಾರವನ್ನು ಆರನೆಯ ತರಗತಿಯವರೇ ಮಾಡಲಿ, ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ಮಳೆಯನ್ನು ಅವರೇ ಅಳೆಯಲಿ. ಆ ನೀರು ಈಗ ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಮೂರು ಅಡಿ ಅಗಲ, ಇಪ್ಪತ್ತು–ಮೂವತ್ತು ಅಡಿ ಆಳದ ಇಂಗುಬಾವಿ ತೋಡಿಸುವುದು ಮುಂದಿನ ಹೆಜ್ಜೆ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಶಾಲೆಗೆ ಬಂದ ದಿನ ಮಕ್ಕಳು ದೂರದಿಂದ ಮಣ್ಣಿನ ಪದರಗಳನ್ನು ನೋಡಿ, ಅವರನ್ನು ಮಾತನಾಡಿಸಿ, ಅವರಿಂದ ಕಲಿಯಬೇಕು. ಅವರನ್ನು ಗುರುಗಳಂತೆ ಕಾಣುವ ರೀತಿಯನ್ನು ಶಿಕ್ಷಕರೇ ಮೊದಲು ತೋರಿಸಬೇಕು. ತೋಡಿಸಲು ಹಣವಿಲ್ಲದಿದ್ದರೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿ ನಡೆಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರದಲ್ಲಿ ಮಾದರಿಗಳನ್ನು ನೋಡಿಬರಬಹುದು.

ಇನ್ನೂ ಮುಖ್ಯವಾದದ್ದು ಬಳಸಿದ ನೀರಿನ ಹುಡುಕಾಟ. ಬಿಸಿಯೂಟದ ಪಾತ್ರೆ ತೊಳೆದ ನೀರು, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ: ಒಳಚರಂಡಿಗೋ, ಮಳೆನೀರು ಚರಂಡಿಗೋ? ಒಳಚರಂಡಿಗೆ ಹೋದರೆ ಸಂಸ್ಕರಣೆಯಾಗುವ ಅವಕಾಶವಿದೆ, ಮಳೆನೀರು ಚರಂಡಿಗೆ ಹೋದರೆ ನೇರವಾಗಿ ಹೊಳೆಗೆ. ಮಕ್ಕಳು ಶಾಲೆಯ ಕೊಳವೆಗಳ ನಕ್ಷೆ ಬರೆಯಲಿ, ಯಾವ ಮುಚ್ಚಳವನ್ನೂ ತೆರೆಯದೆ. ತಿಳಿಯದ ಕಡೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ಶಾಲೆಯ ಪರವಾಗಿ ಕೇಳಲಿ. ತಪ್ಪು ಜೋಡಣೆಯೊಂದು ಪತ್ತೆಯಾಗಿ ಸರಿಹೋದರೆ, ಆ ಶಾಲೆ ಹೊಳೆಗೆ ನಿಜವಾಗಿಯೂ ಏನನ್ನೋ ಮಾಡಿದಂತಾಗುತ್ತದೆ. ನೂರು ಸಸಿ ನೆಟ್ಟರೂ ಅಷ್ಟು ಆಗುವುದಿಲ್ಲ.

ಯಾವ ಶಾಲೆಗೆ ಯಾವುದು

ಹೊಳೆ ಅಥವಾ ಕೆರೆ ನಡೆದು ಹೋಗುವಷ್ಟು ಹತ್ತಿರವಿದ್ದು, ವಿಜ್ಞಾನ ಶಿಕ್ಷಕರೊಬ್ಬರಿಗೆ ಆಸಕ್ತಿಯಿದ್ದರೆ ನೀರಿನ ಪರೀಕ್ಷೆಯನ್ನೇ ಆರಿಸಿಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಕಟ್ಟಿ. ತಿಂಗಳಿಗೊಂದು ಬ್ಯಾಗ್ ರಹಿತ ಶನಿವಾರ ಇರುವಲ್ಲಿ ಇದಕ್ಕೆ ಬೇರೆ ಸಮಯ ಹುಡುಕಬೇಕಾಗಿಲ್ಲ. ಹೊಳೆ ದೂರವಿದ್ದು ಹಣವೂ ಕಡಿಮೆಯಿರುವ ಸರ್ಕಾರಿ ಶಾಲೆಗೆ ಆವರಣದ ಕೆಲಸವೇ ಸರಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನು ಮೊದಲ ದಿನವೇ ಸೇರಿಸಿಕೊಳ್ಳಬೇಕು. ಪ್ರಾಥಮಿಕ ಶಾಲೆಗೆ ಒಂದು ಮೆಟ್ರೋ ಪ್ರಯಾಣ, ಒಂದು ಜಕ್ಕೂರು ಪ್ರವಾಸ, ವರ್ಷಪೂರ್ತಿ ಮಳೆಯ ಅಳತೆ ಸಾಕು. ಶ್ರಮದಾನವನ್ನು ಒಂಟಿಯಾಗಿ ಯಾವ ಶಾಲೆಗೂ ನಾನು ಸೂಚಿಸುವುದಿಲ್ಲ.

ಆರಂಭಕ್ಕೆ ಜೂನ್ ಒಳ್ಳೆಯದು: ಮುಂಗಾರಿನಲ್ಲಿ ತಾರಸಿಯ ಲೆಕ್ಕ ಮತ್ತು ಕೊಳವೆಗಳ ನಕ್ಷೆ, ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸೇತುವೆಯ ಮೇಲಿಂದ ನೋಟ ಮಾತ್ರ, ದಸರಾ ರಜೆಯ ನಂತರ ಹೊಳೆಯ ಪ್ರವಾಸ. ಪರೀಕ್ಷೆಯ ಮಾದರಿಗಳನ್ನು ಮಳೆಯಿಲ್ಲದ ದಿನ ನೋಡಿ ಪ್ರತಿ ತಿಂಗಳೂ ತೆಗೆದರೆ, ತುಂಬಿದ ಹೊಳೆಯ ಅಂಕಿಗಳೂ ಫೆಬ್ರವರಿಯ ಬತ್ತಿದ ಹೊಳೆಯ ಅಂಕಿಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಆ ಪಟ್ಟಿಯ ಒಂದು ಪ್ರತಿಯನ್ನು, ಮಕ್ಕಳ ಸಹಿಯಿರುವ ಪತ್ರದೊಂದಿಗೆ, ಜಲಮಂಡಳಿಯ ಸ್ಥಳೀಯ ಎಂಜಿನಿಯರಿಗೂ ಪಾಲಿಕೆಯ ಕೆರೆ ವಿಭಾಗಕ್ಕೂ ಮಾರ್ಚ್ ಪರೀಕ್ಷೆಗಳಿಗೆ ಮುಂಚೆಯೇ ತಲುಪಿಸಿ, ಸ್ವೀಕೃತಿ ಪಡೆದು, ಮುಂದಿನ ವರ್ಷ ಆ ತರಗತಿಗೆ ಬರುವವರಿಗೆ ದಾಖಲೆ ಪುಸ್ತಕದೊಡನೆ ಒಪ್ಪಿಸಬೇಕು.